ಟೊಪ್ಪಿಯ ಮೇಲಿನ ಟೊಪ್ಪಿ

ಆಗಸ್ಟ್ ಬಂತೆಂದರೆ ಡೆಲ್ಫೀನ್‌ಗೆ
ಅರವತ್ತೆರಡು ತಲೆ ಒಗೆಯುವ ಕೆಲಸ.
ಅವಳು ಹಾಗೇ ಅನ್ನುವುದು: ತಲೆ.
ಹೆಲ್ಮೆಟ್ಟಿನ ಮೇಲೆ ತೊಡಿಸುವ ಮೆತ್ತೆಯ ಗವಸು,
ಕಪ್ಪಗೆ, ಉಬ್ಬುಬ್ಬಾಗಿ. ಹುಡುಗರ ಬಾಯಲ್ಲಿ ಅದು ಅಣಬೆ.
ಲೂಸಿಯಾನಾದ ಆ ಸಣ್ಣ ಊರಿನ ಶಾಲೆಯ ಹಿಂದೆ
ತಗಡಿನ ಮಾಡಿನ ಕೆಳಗೆ ಹಗ್ಗಕ್ಕೆ ಸಿಕ್ಕಿಸುತ್ತಾಳೆ.
ಗಾಳಿ ಬಂದರೆ ಎಲ್ಲವೂ ಹೌದು ಹೌದು ಎನ್ನುತ್ತವೆ,
ಇನ್ನೊಮ್ಮೆ ಬಂದರೆ, ಇಲ್ಲ ಇಲ್ಲ.

ಹೆಸರಷ್ಟೇ ಕಾಲಿನದು ಈ ಆಟಕ್ಕೆ.
ಉಳಿದದ್ದೆಲ್ಲ ತಲೆ.

ಗವಸು ಮಾರಲು ಬಂದವನು ಮೇಜಿನ ಮೇಲೆ
ಬಣ್ಣದ ಹಾಳೆ ಹರಡಿದ್ದ: ಯಂತ್ರದ ಸುತ್ತಿಗೆ, ರಬ್ಬರಿನ ಕತ್ತು,
ಏಟಿನ ಗೆರೆ ಮೇಲೇರಿ, ಗವಸಿದ್ದಾಗ ಸ್ವಲ್ಪ ತಗ್ಗಿ.
ತಗ್ಗಿದ್ದು ನಿಜವೇ ಇರಬೇಕು. ಅವಳು ಅಲ್ಲಗಳೆಯಲಿಲ್ಲ.
ಕೇಳಿದ್ದಿಷ್ಟು: "ಆ ರಬ್ಬರಿನ ಕತ್ತಿನವನಿಗೆ
ಮರುದಿನ ಬೆಳಿಗ್ಗೆ ತಾಯಿಯ ಹೆಸರು ನೆನಪಿತ್ತೇ?"
ಅವನು ನಕ್ಕ. ಕೋಚ್ ಏಬೇರ್ ನಗಲಿಲ್ಲ,
ಅರವತ್ತೆರಡಕ್ಕೆ ಸಹಿ ಹಾಕಿದ.

ಮನೆಯಲ್ಲಿ ಆಲ್ಸೀಡ್
ಫ್ರಿಜ್ಜಿನ ಬಾಗಿಲು ತೆರೆದು ನಿಂತಿರುತ್ತಾನೆ,
ಮುಖದ ಮೇಲೆ ತಣ್ಣನೆಯ ಬೆಳಕು.
ಬೇಕಾದದ್ದು ಒಳಗಿದೆ, ಅದರ ಹೆಸರು ಹೊರಗೆಲ್ಲೋ.
ಎಂಬತ್ತೊಂದನೇ ಇಸವಿಯಲ್ಲಿ, ಇದೇ ಮೈದಾನದಲ್ಲಿ,
ಎದುರಾಳಿಯ ಎದೆಗೆ ತಲೆ ಕೊಟ್ಟು ಎತ್ತಿ ಒಗೆದನಂತೆ.
ಬಾರಿನಲ್ಲಿ ಇನ್ನೂ ಹೇಳುವವರಿದ್ದಾರೆ.
ಅವನಿಗೆ ಅದು ಬೇರೆ ಯಾರದೋ ಕತೆ.
ಆಟದಿಂದಲೋ, ಮೂವತ್ತು ವರ್ಷದ ಕುಡಿತದಿಂದಲೋ,
ಅವನ ಅಪ್ಪನಿಗೂ ಕೊನೆಗೆ ಹೀಗೇ ಆಗಿತ್ತಲ್ಲ, ಅದೋ —
ಕತ್ತರಿಸಿ ನೋಡದೆ ಹೇಳಲಾಗದು, ಎಂದರು ಡಾಕ್ಟರು.
ಕತ್ತರಿಸಬೇಕಾದರೆ ಸಾಯಬೇಕು.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ಇದು ತುಳುಕುತ್ತದೆ.
ಹೊರಗಿನಿಂದ ಎಷ್ಟು ಬಟ್ಟೆ ಸುತ್ತಿದರೂ
ಓಡುವವನು ಥಟ್ಟನೆ ನಿಂತಾಗ
ಒಳಗಿನ ನೀರಿಗೆ ಯಾರು ಹೇಳಬೇಕು, ನಿಲ್ಲು ಎಂದು?

ಆದರೂ ಒಗೆಯುತ್ತಾಳೆ. ಸಾಬೂನು ಕಡಿಮೆ, ಬಿಸಿನೀರು ಬೇಡ
ಎಂದು ಚೀಟಿಯಲ್ಲಿದೆ. ಬಿಚ್ಚಿದ ಹೊಲಿಗೆಗೆ
ಮೀನಿನ ಗಾಳದ ದಾರ.
ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು, ಸರಿ.
ತಪ್ಪದೆ, ಒಂದು ಬೆರಳಷ್ಟು ಮೆತ್ತಗಾದರೆ?
ಹತ್ತು ವರ್ಷವೋ, ಒಂದೋ,
ಮಗಳ ಮದುವೆಯ ಒಂದು ದಿನವೋ?
ಅಷ್ಟಕ್ಕಾದರೂ ಹೊಲಿಯಬಹುದು.

ಶುಕ್ರವಾರ ಸಂಜೆ ಗವಸುಗಳೆಲ್ಲ ಕಳಚುತ್ತವೆ.
ಅವು ಅಭ್ಯಾಸಕ್ಕೆ ಮಾತ್ರ. ಪಂದ್ಯಕ್ಕೆ ಹೊಳಪು ಬೇಕು,
ಚಿನ್ನದ ಬಣ್ಣದ ಮೇಲೆ ಕೆಂಪು ಪೆಲಿಕನ್ ಹಕ್ಕಿ ಕಾಣಬೇಕು.
ಟೇವಿಯಸ್, ಹದಿನೈದು ವರ್ಷ, ಸಾಲಿನ ಎಡತುದಿಯ ತಡೆಗಾರ,
ಉಗ್ರಾಣದ ಬಾಗಿಲಿಗೆ ಬಂದು ಪಿಸುಗುಟ್ಟಿದ:
"ನನ್ನದು ಇರಲಿ, ಮಿಸ್ ಡೆಲ್ಫೀನ್. ತೆಗೆಯಬೇಡಿ."
"ನಗ್ತಾರಲ್ಲೋ."
"ನಗಲಿ. ನಿನ್ನೆ ಮಿಸ್ಟರ್ ಆಲ್ಸೀಡ್ ನನ್ನನ್ನ
ನಮ್ಮಪ್ಪನ ಹೆಸರಲ್ಲಿ ಕರೆದರು. ಮೂರು ಸಲ."

ನಕ್ಕರು. ಎದುರು ತಂಡದವರು, ತನ್ನ ತಂಡದವರು,
ಟ್ರಂಬೋನ್ ಹಿಡಿದ ಹುಡುಗಿ ಕೂಡ.
ಎರಡನೆಯ ಕಾಲುಭಾಗದಲ್ಲಿ ಏಟು ಬಿತ್ತು.
ಎಂದಿನ ಠಕ್ ಅಲ್ಲ, ಧಬ್,
ಯಾರೋ ಹಾಸಿಗೆ ಕೊಡವಿದ ಹಾಗೆ.
ಹುಡುಗ ಹುಲ್ಲಿನಲ್ಲಿ. ಊರು ಉಸಿರು ಹಿಡಿಯಿತು.
ಎದ್ದ.

ಗವಸಿನಿಂದ ಎದ್ದನೋ, ಹೇಗೂ ಏಳುತ್ತಿದ್ದನೋ?
ಅಥವಾ ಮೆತ್ತೆಯಿದೆಯೆಂಬ ಧೈರ್ಯಕ್ಕೇ
ಇನ್ನಷ್ಟು ತಗ್ಗಿ ನುಗ್ಗಿ ಏಟು ತಿಂದನೋ?
ಬಿದ್ದ ಏಟಿಗೆ ಲೆಕ್ಕವಿದೆ,
ತಾಗದೇ ಹೋದದ್ದನ್ನು ಬರೆದಿಡುವ ಪುಸ್ತಕ
ಅವಳ ಉಗ್ರಾಣದಲ್ಲಿಲ್ಲ.

ಶನಿವಾರ ಒಂದೇ ಒಂದು ಗವಸು ಒಗೆಯಲು ಮನೆಗೆ ತಂದಳು.
ಹಸಿರು ಕಲೆ, ಬೇರೆ ಯಾರದೋ ಹೆಲ್ಮೆಟ್ಟಿನ ನೀಲಿ ಗೀರು.
ಆಲ್ಸೀಡ್ ಅದನ್ನು ಮೇಜಿನಿಂದ ಎತ್ತಿಕೊಂಡ,
ಹೆಬ್ಬೆರಳಿನಿಂದ ಒತ್ತಿದ. ತಗ್ಗಿತು.
ಬಿಟ್ಟ. ತಾನಾಗಿ ಮೊದಲಿನಂತೆ ಎದ್ದಿತು.
"ಇದಕ್ಕೆ ನೆನಪಿದೆ," ಎಂದ,
ಮತ್ತೆ ಒತ್ತಿದ.