ಹನ್ನೊಂದು ಸೊನ್ನೆ

ಮಂಡಕ್ಕಿ ಭಟ್ಟಿಯ ಓಣಿಯಲ್ಲಿ ದಾದಾಪೀರನ ಗುಜರಿ ಅಂಗಡಿ.
ಮುಚ್ಚಿದ ಹತ್ತಿ ಮಿಲ್ಲಿನ ಹಾಜರಿ ಪುಸ್ತಕ
ಕಿಲೋಗೆ ಹನ್ನೆರಡು ರೂಪಾಯಿ.
ಅರ್ಧ ಆಗಲೇ ಪೊಟ್ಟಣವಾಗಿ
ಮಿರ್ಚಿಯ ಎಣ್ಣೆ ಕುಡಿದಿದ್ದವು.
ಉಳಿದದ್ದರಲ್ಲಿ ಸಿಕ್ಕಳು ನಮ್ಮಪ್ಪನ ಅಜ್ಜಿ:
ಜಿನ್ನಿಂಗು ಖಾತೆ, ನಂಬರು ಇನ್ನೂರ ಹದಿನಾಲ್ಕು.

ಒಂದು ಪುಟದಲ್ಲಿ ಹಾಲವ್ವ, ಇನ್ನೊಂದರಲ್ಲಿ ಹಾಲಮ್ಮ,
ಗುಮಾಸ್ತ ಅವಸರದಲ್ಲಿದ್ದ ದಿನ ಬರೀ ಹಾಲಿ.
ಮೂವತ್ತಾರನೇ ಇಸವಿಯಲ್ಲಿ ವಯಸ್ಸು ಇಪ್ಪತ್ತೆಂಟು,
ಮೂವತ್ತೊಂಬತ್ತರಲ್ಲಿ ಇಪ್ಪತ್ತಾರು.
ಅರಳೆಯ ಧೂಳಿನಲ್ಲಿ ಹಿಂದಕ್ಕೆ ನಡೆಯುತ್ತಿದ್ದಳೇನೋ.

ಗೀಟು, ಗೀಟು, ಗೀಟು. ಭಾನುವಾರ ಖಾಲಿ.
ಮೂವತ್ತೆಂಟರ ಜುಲೈಗೆ
ಕೆಂಪು ಶಾಯಿಯಲ್ಲಿ ಹನ್ನೊಂದು ಸೊನ್ನೆ,
ಕೂಲಿ ಕಡಿತ ಎರಡು ರೂಪಾಯಿ ಹನ್ನೆರಡಾಣೆ.
ಆಮೇಲೆ ಮತ್ತೆ ಗೀಟು.

ಆ ಸೊನ್ನೆಗಳನ್ನು ಹಿಡಿದುಕೊಂಡೇ ಪಾಲಿಕೆಗೆ ಹೋದೆ.
ಜನನ ರಿಜಿಸ್ಟರಿನಲ್ಲಿ, ಮೊದಲ ಸೊನ್ನೆಯ ತಾರೀಖಿಗೆ,
ಗಂಡು ಕೂಸು. ಹೆಸರು ಇಟ್ಟಿಲ್ಲ. ತಾಯಿ ಮಿಲ್ ಕೂಲಿ.
ತಂದೆ ಅನ್ನುವ ಕಡೆ ಅಡ್ಡಗೆರೆ,
ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗೆ.
ಆ ಕೂಸು ನನ್ನಜ್ಜ. ನಮ್ಮ ಪಡಸಾಲೆಯ ಗೋಡೆಯಲ್ಲಿ
ಈಗಲೂ ಪೇಟ ಸುತ್ತಿಕೊಂಡು ಕುಂತಿದ್ದಾನೆ.

ಸುಗ್ಗಿ ಮುಗಿದ ಮೇಲೆ ಹೆಳವರ ಸಣ್ಣೀರಪ್ಪ ಬಂದ,
ಎತ್ತಿನ ಬದಲು ಟಿವಿಎಸ್ ಮೇಲೆ, ಗಂಟೆ ಮಾತ್ರ ಅದೇ.
ಬಾಗಿಲಲ್ಲಿ ನಿಂತು ಏಳು ತಲೆ ಹಾಡಿದ:
ಗೋಣೆಪ್ಪನ ಮಗ ರುದ್ರಪ್ಪ, ರುದ್ರಪ್ಪನ ಮಗ...
ಅಡ್ಡಗೆರೆಯ ಜೆರಾಕ್ಸ್ ಮುಂದೆ ಹಿಡಿದೆ.
ನೋಡಿದ. ನಗಲಿಲ್ಲ.
ಅವರಜ್ಜನ ಕಾಲದ ವಹಿ ಬಿಚ್ಚಿ ಅಂಚಿನಲ್ಲಿ ಬೆರಳಿಟ್ಟ:
"ಕಂಬಳಿ ಒಂದು, ಬೆಳ್ಳಿ ಕಡಗ ಒಂದು,
ಹಾಲವ್ವನಿಂದ ಮುಟ್ಟಿತು."

ಗೋಣೆಪ್ಪ ಅನ್ನೋರು ಇದ್ರಾ?
"ಇದ್ರವ್ವ. ಮಕ್ಕಳಿಲ್ದೆ ತೀರಿಕೊಂಡಿದ್ರು.
ಗೆರೆ ಅಲ್ಲಿಗೇ ನಿಂತಿತ್ತು.
ನಮ್ಮಜ್ಜ ಮುಂದಕ್ಕೆ ಎಳೆದ."

ದಿನಕ್ಕೆ ನಾಲ್ಕಾಣೆ. ಒಂದು ಕಡಗಕ್ಕೆ ಎಷ್ಟು ಗೀಟು?
ಲೆಕ್ಕ ಹಾಕಲು ಕೂತು, ಬಿಟ್ಟೆ.

ಜೋಳ, ಬೇಳೆ, ಐನೂರರ ನೋಟು ಮೊರದಲ್ಲಿಟ್ಟು
ಅಂದೆ: ಈ ಸಲ ಅವಳನ್ನೂ ಬರಿ.
"ಹೆಣ್ಣು ಬರೆಯೋ ಪದ್ಧತಿ ಇಲ್ಲ" ಅಂದ,
ಅನ್ನುತ್ತಲೇ ಪೆನ್ನಿನ ಟೊಪ್ಪಿ ತೆಗೆದ.
ಹಾಲವ್ವ, ಅಂತ ಬರೆದು ತಲೆಯೆತ್ತಿದ:
"ಯಾರ ಮಗಳು?"

ಭಟ್ಟಿಯ ಕಡೆಯಿಂದ ಮಂಡಕ್ಕಿ ಸಿಡಿಯುವ ಸದ್ದು.
ಅವನ ಪೆನ್ನು ಕಾಯುತ್ತಲೇ ಇತ್ತು.