ಎರಡನೇ ನಿಮಿಷದ ಕೆಮ್ಮು

ಮಿಲ್ವಾಕಿಯಲ್ಲಿ ರಾತ್ರಿಯೆಲ್ಲ ಹಿಮ ತಳ್ಳುವ ಲಾರಿ ಓಡಿಸಿ
ಬೆಳಗಿನ ಜಾವ ಮನೆಗೆ ಬಂದು
ಬೂಟೂ ಬಿಚ್ಚದೆ ಆಟಕ್ಕೆ ಕೂರುತ್ತಾನೆ
ಆರ್ಡೆಲ್ ಪೆಟಿಗ್ರೂ, ಐವತ್ಮೂರು ವರ್ಷ,
ಸೊಂಟನೋವಿಗೆ ಪಟ್ಟಿ, ಜೊತೆಗೊಂದು ಕುಂಟ ಬೆಕ್ಕು.

ಆಟದೊಳಗೆ ಮುಳುಗಿದ ಊರು.
ನೀರು ಜಿನುಗುವ ಹೋಟೆಲು, ಮಗುಚಿ ಬಿದ್ದ ಪಿಯಾನೊ,
ಬಾರಿನ ಮೂಲೆಯಲ್ಲಿ ಒಂದು ರೇಡಿಯೊ.
ಹತ್ತಿರ ಹೋದರೆ ಹಾಡು ಶುರು.
ಹಾಡು ಶುರುವಾದರೆ ಮೆಟ್ಟಿಲ ಮೇಲಿಂದ ಅದು ಇಳಿದು ಬರುತ್ತದೆ,
ಮುಖವಿಲ್ಲದ್ದು, ಕೊಕ್ಕೆ ಎಳೆಯುತ್ತ, ನಿಧಾನಕ್ಕೆ.

ಓಡಬೇಕು. ಎಲ್ಲರೂ ಓಡುತ್ತಾರೆ.
ಆರ್ಡೆಲ್ ನಿಂತ.
ಹಾಡು ಕೇಳಲು ಹನ್ನೊಂದು ಸಲ ಸತ್ತ.

ಕ್ಲಾರಿನೆಟ್ಟು, ಬ್ಯಾಂಜೊ, ನೆಲಕ್ಕೆ ಯಾರದೋ ಪಾದದ ತಾಳ;
ಟ್ರಂಪೆಟ್ಟು ಏಣಿ ಹತ್ತಿ ಮೇಲೆ ಮೇಲೆ ಹೋಗಿ
ಇನ್ನೇನು ಅಟ್ಟ ಮುಟ್ಟಬೇಕು,
ಅಲ್ಲಿ, ಎರಡನೇ ನಿಮಿಷಕ್ಕೆ,
ಒಂದು ಕೆಮ್ಮು.
ಒಂದೇ. ಗಂಟಲಿಗೆ ಕಬ್ಬಿಣದ ಪುಡಿ ಸಿಕ್ಕಂಥದು.

ಕೊನೆಗೆ ಹೆಸರುಗಳು ಇರುವೆ ಸಾಲಿನ ಹಾಗೆ ಮೇಲೇರುವಾಗ
ಆ ಹಾಡಿನ ಮುಂದೆ ಮಾತ್ರ: ಕಲಾವಿದರು ತಿಳಿದಿಲ್ಲ.

ತಿಳಿದಿಲ್ಲ ಅಂದರೆ? ಯಾರಿಗೆ?
ಕಂಪನಿಗೆ ಕಾಗದ ಹಾಕಿದ. ನಾಲ್ಕು ತಿಂಗಳ ಮೇಲೆ
ಮಾಂಟ್ರಿಯಲ್‌ನಿಂದ ಸದ್ದಿನ ಕೆಲಸದ ಹುಡುಗಿ ಬರೆದಳು:
ನಲವತ್ತು ಡಾಲರಿಗೆ ಒಂದು ಪೆಟ್ಟಿಗೆ ಕೊಂಡಿದ್ದೆ,
ಈ ತಟ್ಟೆಯ ಚೀಟಿ ಹರಿದಿತ್ತು.
ಕೆಮ್ಮು ಅಳಿಸಿಬಿಡೋಣ ಅಂದರು, ನಾನೇ ಬೇಡ ಅಂದೆ.
ಒಳ ಅಂಚಿನಲ್ಲಿ ಮೊಳೆಯಿಂದ ಗೀರಿದ ಹಾಗೆ ಒಂದು ಸಂಖ್ಯೆ ಇದೆ, ಬೇಕಾ?

ಆ ಕಾಲದ ತಟ್ಟೆಗಳು ಅರಗಿನವು.
ನಮ್ಮ ದೇಶದ ಮರಗಳ ಕೊಂಬೆಗೆ ಅಂಟಿದ ಹುಳದ ಉಗುಳು
ಹಡಗು ಹತ್ತಿ ಹೋಗಿ ಅವರ ಹಾಡಾಯಿತು.
ಅರಗಿನ ಮನೆ ಅಂದಕೂಡಲೆ ನಮಗೆ ಗೊತ್ತು:
ಬೆಂಕಿ ಬೀಳುತ್ತದೆ, ಒಳಗಿದ್ದವರು ಹೋದರು ಅಂತ ಊರು ಅಳುತ್ತದೆ.
ಸುರಂಗ ಇದ್ದದ್ದು
ಅಳುವವರಿಗೆ ಗೊತ್ತಿರುವುದಿಲ್ಲ.

ಲೈಬ್ರರಿಯ ನೆಲಮಾಳಿಗೆ, ಬೂಷ್ಟಿನ ವಾಸನೆ.
ಪಿಯಾನೊ ಮಾರುತ್ತ ಮಾರುತ್ತ ಹಾಡೂ ಮಾರಿದವರ ಲೆಕ್ಕದ ಪುಸ್ತಕ:
ಷಿಕಾಗೊ, ಸಾವಿರದ ಒಂಬೈನೂರ ಇಪ್ಪತ್ತೇಳು, ಗುರುವಾರ.
ಆರು ಜನ. ಎಲ್ಲ ಸೇರಿ ಮೂವತ್ತು ಡಾಲರು.
ಐದು ರುಜು ನೀರಿಗೆ ಕಲೆಸಿಹೋಗಿ, ಉಳಿದದ್ದು ಒಂದು:
ಲೀಂಡರ್ ಟ್ಯಾಲಿ, ಊರು ಗ್ಯಾರಿ.

ಗ್ಯಾರಿಯಲ್ಲಿ ಮಗಳಿದ್ದಾಳೆ. ಇಮೋಜಿನ್, ಎಂಬತ್ತೊಂದು.
ಸರಪಳಿ ತೆಗೆಯದೆಯೇ ಕೇಳಿದಳು, ವಿಮೆಯವನಾ?
ಅಪ್ಪ ಟ್ರಂಪೆಟ್ಟು ಊದಿದನಾ? ಸುಳ್ಳು.
ಅವನು ಉಕ್ಕಿನ ಕುಲುಮೆಯವನು.
ಶಿಳ್ಳೆ ಕೂಡ ಹಾಕಿದವನಲ್ಲ.

ಫೋನಿನಲ್ಲಿ ಹಾಡು ಹಚ್ಚಿದ.
ಮರ್ಯಾದೆಗೆ ಕೇಳಿದಳು, ಬೀದಿ ನೋಡುತ್ತ.
ಟ್ರಂಪೆಟ್ಟು ಏಣಿ ಹತ್ತಿತು, ಅವಳಿಗೇನೂ ಅನ್ನಿಸಲಿಲ್ಲ.
ಕೆಮ್ಮು ಬಂತು.

ಕೈಲಿದ್ದ ಲೋಟ ಕೆಳಗಿಟ್ಟಳು.
ದಿನಾ ಬೆಳಿಗ್ಗೆ ನಾಲ್ಕೂವರೆಗೆ, ಬಚ್ಚಲ ಬಾಗಿಲ ಹಿಂದೆ,
ನಮಗೆ ಎಚ್ಚರ ಆಗಬಾರದು ಅಂತ ಬಾಯಿಗೆ ಟವೆಲು ಒತ್ತಿ…
ಮಾತು ಮುಗಿಸಲಿಲ್ಲ.

ಕಿಟಕಿಯಲ್ಲೊಂದು ಹೂಕುಂಡ, ಕಪ್ಪಗೆ, ಅಂಚೆಲ್ಲ ಅಲೆ ಅಲೆ.
ಅಮ್ಮ ಬಿಸಿನೀರಲ್ಲಿ ಅದ್ದಿ ಬಗ್ಗಿಸಿದ್ದು, ಅಂದಳು,
ಎರಡು ಡಜನ್ ಇತ್ತು, ನೆಂಟರಿಗೆಲ್ಲ ಹಂಚಿದಳು,
ನಡುವಿನ ತೂತು ನೀರು ಸೋರಲು ಬಲು ಅನುಕೂಲ.
ಆರ್ಡೆಲ್ ಎತ್ತಿ ತಳ ನೋಡಿದ.
ಸಂಖ್ಯೆ ಇದೆ. ಒಂದು ಹೆಚ್ಚು.
ಅದೇ ಗುರುವಾರದ ಇನ್ನೊಂದು ಹಾಡು,
ಇನ್ನು ಯಾವ ಸೂಜಿಗೂ ದಕ್ಕದು.
ತೂತಿನಿಂದ ಬಿಳಿ ಬೇರೊಂದು ಇಣುಕಿತ್ತು.

ಆ ಆಟ ತೋರಿಸು ಅಂದಳು.
ಮುಂದಿನ ಭಾನುವಾರ ಯಂತ್ರ ಹೊತ್ತು ತಂದು ಟಿವಿಗೆ ಸಿಕ್ಕಿಸಿದ.
ಮುಳುಗಿದ ಊರು. ಹೋಟೆಲು. ರೇಡಿಯೊ.
ಮೆಟ್ಟಿಲ ಮೇಲೆ ಕೊಕ್ಕೆ ಎಳೆಯುವ ಸದ್ದು.
ಎಷ್ಟು ಸಲ ಸತ್ತರೂ ಹೆಬ್ಬೆರಳಿಗೆ ಬುದ್ಧಿ ಬರುವುದಿಲ್ಲ,
ಓಡಲು ಮಿಸುಕಿತು.
ಮುದುಕಿ ಅವನ ಮಣಿಕಟ್ಟು ಹಿಡಿದಳು.
ಬರಲಿ ಬಿಡು, ಅಂದಳು,
ಅಲ್ಲಾಡಬೇಡ. ಈಗ ಕೆಮ್ಮುತ್ತಾನೆ.