ಹನ್ನೊಂದನೆಯ ಮುಸುಕು

ನವೆಂಬರಿನ ಮೊದಲ ಶನಿವಾರ
ಡೋರೀನಳ ಮನೆಯಲ್ಲಿ ಪರದೆ ಎಳೆದು
ಹಳೆಯ ಕ್ಯಾಸೆಟ್ಟನ್ನು ಊದಿ, ಒರೆಸಿ, ತೂರಿಸುತ್ತೇವೆ.
ಗರಗರ ಎಂದು ಒಂದಿಷ್ಟು ಹಿಮ ಸುರಿದು
ಆಮೇಲೆ ನಮ್ಮ ಸ್ಕಾರ್ನ್‌ಬಿ:
ಕೋಸಿನ ಹೊಲ, ಕಾಲುವೆ, ದಿಬ್ಬವೆಂಬುದೇ ಇಲ್ಲದ ಬಯಲು,
ಅದರ ಮೇಲೊಂದು ಬಾಡಿಗೆಯ ಚಂದ್ರ.

ಎಪ್ಪತ್ತೊಂದರಲ್ಲಿ ಲಂಡನ್ನಿನಿಂದ ಮೂರು ಲಾರಿ ಬಂದು
ಸೈತಾನನ ಪೂಜೆಗೆ ಹದಿಮೂರು ಜನ ಬೇಕೆಂದರು.
ತಲೆಗೆರಡು ಪೌಂಡು, ಮೇಲೊಂದು ಬಿಸಿ ಪೈ.
ಪಾದ್ರಿಯನ್ನು ಕೇಳಿದರೆ
ಸೋರುವ ಚರ್ಚಿನ ಮಾಡಿಗೆ ಅರ್ಧ ಕೊಡಿ ಎಂದರಂತೆ.
ಯುದ್ಧಕಾಲದಲ್ಲಿ ಕಿಟಕಿಗೆ ಕಟ್ಟಿದ್ದ ಕಪ್ಪು ಬಟ್ಟೆಯನ್ನು
ಅಟ್ಟದಿಂದಿಳಿಸಿ ಅಮ್ಮನೇ ಹೊಲಿದಳು ಹದಿಮೂರು ನಿಲುವಂಗಿ;
ವಾರವೆಲ್ಲ ಮನೆ ತುಂಬ ನುಸಿಗುಳಿಗೆಯ ನಾತ.
ನನಗಾಗ ಆರು ವರ್ಷ. ಬೇಡವೆಂದರೂ ನೋಡಲು ಹೋಗಿ
ಕೋಸಿನ ಸಾಲಿನ ನಡುವೆ ನಿದ್ದೆಹೋದೆ.

ಮುಸುಕಿನೊಳಗೆ ಮುಖ ಕಾಣುವುದಿಲ್ಲ. ಕಾಲು ಕಾಣುತ್ತದೆ.
ನಾವು ಕಾಲು ನೋಡುವವರು.
ಹಿಟ್ಟು ಮೆತ್ತಿದ ಬೂಟು, ಬ್ರೆಡ್ಡಿನಂಗಡಿಯ ಸಿರಿಲ್;
ರಬ್ಬರಿನ ಗಂಬೂಟು ವಿಲ್ಫ್. ಹೋತವೂ ಅವನದೇ,
ನರಕದ ದೂತನಾಗಿ ಬಂದದ್ದು ಮೂರನೇ ಟೇಕಿನಲ್ಲಿ
ಮಹಾಗುರುವಿನ ಅಂಗಿತೋಳನ್ನು ತಿಂದು ಹಾಕಿತ್ತು.
ಬಲಗಾಲನ್ನು ಕೊಂಚ ಎಳೆಯುತ್ತ, ಭಾನುವಾರದ ಬಕ್ಕಲಿನ ಶೂ:
ಅಮ್ಮ.
"ಸತ್ತ, ಸತ್ತಳು, ಸತ್ತ, ಇವನು ಆಸ್ಪತ್ರೆಯಲ್ಲಿ"
ಎಂದು ವಿಲ್ಫ್ ಬೆರಳು ಮಡಚುತ್ತ ಹೋಗಿ
ತನ್ನ ಗಂಬೂಟಿಗೆ ಬಂದು ನಿಂತು,
"ಈ ಪುಣ್ಯಾತ್ಮ ಇನ್ನೂ ಇದ್ದಾನೆ" ಎಂದು ಬಿಸ್ಕತ್ತು ಕೇಳುತ್ತಾನೆ.

ಹನ್ನೊಂದನೆಯ ಮುಸುಕು ಬಂದಾಗ ಡೋರೀನ್
ಚಹಾ ತರಲು ಏಳುತ್ತಾಳೆ. ಪ್ರತಿ ವರ್ಷ ಅಲ್ಲಿಗೇ ಏಳುತ್ತಾಳೆ.
ಕಂದು ಬೂಟು, ಎಡಗಾಲಿಗೆ ಬೇರೆ ಬಣ್ಣದ ಲೇಸು.
ಆ ರಾತ್ರಿ ಗ್ರಿಮ್ಸ್‌ಬಿಯಲ್ಲಿ ಮೀನು ಇಳಿಸುತ್ತಿದ್ದೆ ಎಂದು
ಸಾಯುವವರೆಗೂ ಹೇಳಿದ ಅವಳ ಗಂಡ.
ಪಕ್ಕದಲ್ಲೇ ಅಂಚೆಕಚೇರಿಯ ಹೆಸ್ಟರಳ ಚಪ್ಪಲಿ,
ಎರಡರ ನಡುವೆ ಒಂದೆಳೆ ಹುಲ್ಲು ಹಿಡಿಯದು.
ನಾವ್ಯಾರೂ ಏನೂ ಅನ್ನುವುದಿಲ್ಲ.
ಅಡಿಗೆಮನೆಯಲ್ಲಿ ಚಮಚ ತುಂಬ ಹೊತ್ತು ತಿರುಗುತ್ತದೆ.

ಆಮೇಲೆ ಬಲಿ. ಕಟುಕನ ಮೇಜಿನ ಮೇಲೆ ಲಂಡನ್ನಿನ ಹುಡುಗಿ,
ಹಲ್ಲು ಕಟಕಟ; ಅದು ನಟನೆಯಲ್ಲ, ಚಳಿ.
ಹೊದಿಕೆಯಡಿ ಅಮ್ಮ ತೂರಿಸಿಟ್ಟ ಬಿಸಿನೀರಿನ ಚೀಲ
ಒಂದು ಕ್ಷಣ ಕೆಂಪಗೆ ಇಣುಕುತ್ತದೆ.
ಕತ್ತಿ ಮೇಲೇಳುತ್ತದೆ.
ಹದಿಮೂರು ಗಂಟಲು ಗುಂಯ್‌ಗುಡುತ್ತವೆ.

ಮಂತ್ರ ಯಾರಿಗೂ ಬರುತ್ತಿರಲಿಲ್ಲ.
ಬರೆದ ಹಾಳೆ ಕಾಲುವೆಗೆ ಹಾರಿತ್ತು; ಏನಾದರೂ ಗೊಣಗಿ,
ತುಟಿ ಹೇಗೂ ಕಾಣದು ಎಂದಿದ್ದನಂತೆ ನಿರ್ದೇಶಕ.
ಈ ವರ್ಷ ಡೋರೀನಳ ಮೊಮ್ಮಗ ಹೊಸ ಸ್ಪೀಕರು ಜೋಡಿಸಿದ್ದ.
ನಗಾರಿಯ ಕೆಳಗೆ, ಗಾಳಿಯ ಕೆಳಗೆ,
ಸಿರಿಲ್ ಸೋಮವಾರದ ಬ್ರೆಡ್ಡಿನ ಲೆಕ್ಕ ಒಪ್ಪಿಸುತ್ತಿದ್ದ,
ಹೆಸ್ಟರ್ ಬಸ್ಸಿನ ವೇಳಾಪಟ್ಟಿ.
ಅದರಡಿಯಿಂದ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವ ಆ ದನಿ:
ಎರಡು ಸೀದಾ, ಒಂದು ಉಲ್ಟಾ, ಎರಡು ಸೀದಾ,
ಉಣ್ಣೆ ಮುಂದಕ್ಕೆ,
ಒಂದು ಮನೆ ಬಿಡು.

ನನ್ನ ಬೂದು ಸ್ವೆಟರು. ತೋಳು ಉದ್ದವಾಯಿತೆಂದು
ನಾನು ರಂಪ ಮಾಡಿದ್ದು.

ಹಿಂದಕ್ಕೆ ತಿರುಗಿಸು ಎಂದೆ.
ಇಳಿದ ಕತ್ತಿ ಮೇಲೇರಿತು, ಸಕ್ಕರೆಪಾಕದ ರಕ್ತ
ಹುಡುಗಿಯೊಳಕ್ಕೆ ಮರಳಿತು. ಇನ್ನೊಮ್ಮೆ ಎಂದೆ.
ಕಿವಿ ಮಂದವಾದ ವಿಲ್ಫ್ ನನ್ನ ಕಡೆ ತಿರುಗಿ
"ಹೆದರಿದೆಯೇನೋ?" ಎಂದ.

ಟ್ರೇ ಹಿಡಿದ ಡೋರೀನ್ ಬಾಗಿಲಲ್ಲೇ ನಿಂತಿದ್ದಳು.
ಎಷ್ಟು ಹೊತ್ತಿನಿಂದಲೋ.
ಟ್ರೇ ಕೆಳಗಿಟ್ಟು, ಈ ಸಲ ಪರದೆಯ ಹತ್ತಿರವೇ ಕೂತು,
ಮೊಮ್ಮಗನಿಗೆ ಹೇಳಿದಳು:
ಹನ್ನೊಂದನೆಯವನದೂ
ಒಂಚೂರು ಜೋರಾಗಿ ಕೇಳಿಸು.